ವಿಷಯಾಂತರ

ಮಟನ್ ಎಲ್ಲಿ ತಿನ್ನುವುದು ಎಂಬುದು ಕಾರು ಸೊಲ್ಲಾಪುರ ದಾಟಿ ಅಕ್ಕಲಕೋಟ ರಸ್ತೆ ಹಿಡಿದ ಮೇಲೂ ತೀರ್ಮಾನವಾಗಿರಲಿಲ್ಲ.

“ಹೋಗೂ ಮುಂದ ತಿಂದ್ರ ಛಲೋ,” ಎಂದ ಅಂಬಾದಾಸ, ಸ್ಟಿಯರಿಂಗ್ ಮೇಲೆ ಬೆರಳು ಕುಣಿಸುತ್ತ. “ಬರೂ ಮುಂದ ಅಂದ್ರ ಸತ್ತವರ ಮನಿಗಿ ಹೋಗಿ ಬಂದಂಗ ಆಗ್ತದ. ಜಳಕಾ ಮಾಡದ ಹೆಂಗ ಉಣ್ಣೂದು?”

“ಹೋಗೂ ಮುಂದ ತಿಂದ್ರ ಬಾಯಿ ವಾಸನಿ ಬರ್ತದ ಶೇಠ್. ಕಟ್ಟಾ ಶಾಕಾಹಾರಿ ಮನಿ ಅದು,” ಎಂದ ಹಿಂದಿನ ಸೀಟಿನಲ್ಲಿದ್ದ ಪಪ್ಪು.

“ಬಡೇಸೋಪು ತಿನ್ನೂಣು.”

“ಕುಂಭಾರಿ ದಾಟಿದ ಮ್ಯಾಲ ಹೊಸಾ ಹೋಟೆಲ್ ಒಂದು ಆಗ್ಯದ. ಕಾಳಾ ಮಟನ್. ಭಾಕ್ರಿ ಅಂತೂ ಹಂಚಿನಿಂದ ಸೀದಾ ತಾಟಿಗೆ. ನೀವೇನಂತೀರಿ ಸರ್?”

ಸರ್ ಎನಿಸಿಕೊಂಡ ಸೋಮೇಶ ಕಿಟಕಿಯಾಚೆ ನೋಡುತ್ತಿದ್ದ. ಕಬ್ಬಿನ ಟ್ರಾಲಿಯೊಂದು ರಸ್ತೆಯ ಅರ್ಧವನ್ನು ತನ್ನದೆಂದುಕೊಂಡು ಹೋಗುತ್ತಿತ್ತು. ಅದನ್ನು ದಾಟುವವರೆಗೂ ಅಂಬಾದಾಸ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಇವನಿಗೆ ಸಂಗೀತದ ಕಿವಿ ಇದೆ ಎಂದು ಊರೆಲ್ಲ ಹೇಳುತ್ತದೆ, ಎಂದುಕೊಂಡ ಸೋಮೇಶ.

ಅವರು ಹೊರಟದ್ದು ಮಲಕಾಜಪ್ಪನ ಹೆಂಡತಿಯನ್ನು ಮಾತಾಡಿಸಿ ಬರಲು. ಈ ಕಡೆ ಸಾವಿನ ಮನೆಗೆ ಹೋಗುವುದನ್ನು ಹಾಗೇ ಅನ್ನುತ್ತಾರೆ. ಹೋಗಬೇಕು, ಚಾಪೆಯ ಮೇಲೆ ಕೂರಬೇಕು, ಏನೂ ಮಾತಾಡದೆ ಎದ್ದು ಬರಬೇಕು.

ಮಲಕಾಜಪ್ಪನಿಗೆ ಅಕ್ಕಲಕೋಟದಲ್ಲಿ ಬೀಜ ಗೊಬ್ಬರದ ಅಂಗಡಿ ಇತ್ತು. ಅವನೂ ಇವರ ಗುಂಪಿನವನೇ. ಗುಂಪಿನ ಹೆಸರು ‘ಶ್ರವಣ’. ಒಳ್ಳೆಯ ಸ್ಪೀಕರು, ಒಳ್ಳೆಯ ಆಂಪ್ಲಿಫೈಯರು, ಇನ್ನೂ ಒಳ್ಳೆಯ ವೈರು ಇವುಗಳ ಹುಚ್ಚಿನವರು ಸೇರಿಕೊಂಡು ಫೋನಿನಲ್ಲಿ ಮಾಡಿಕೊಂಡ ಗುಂಪು. ಹೆಸರು ಇಟ್ಟವನು ಸೋಮೇಶ. ನಿಯಮಗಳನ್ನು ಬರೆದವನೂ ಅವನೇ. ಸೊಲ್ಲಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು. ತರಗತಿಯಲ್ಲಿ ಮರಾಠಿ, ತಲೆಯೊಳಗೆ ಪುಸ್ತಕದ ಕನ್ನಡ, ತಾಯಿ ಫೋನು ಮಾಡಿದರೆ ತನ್ನೂರು ಮೈಂದರ್ಗಿಯ ಕನ್ನಡ. ಯಾವುದರಲ್ಲಿ ಸಿಟ್ಟಾಗಬೇಕು ಎಂದು ತಿಳಿಯದೆ ಅವನ ಸಿಟ್ಟು ಬಹಳ ಸಲ ಒಳಗೇ ಉಳಿಯುತ್ತಿತ್ತು. ಮನೆಗೆ ಬಂದರೆ ಹೆಡ್‌ಫೋನು ಹಾಕಿಕೊಳ್ಳುತ್ತಿದ್ದ. ಹೆಂಡತಿ ಸ್ನೇಹಲ ಏನಾದರೂ ಹೇಳಬೇಕಾದರೆ ಅವನ ಭುಜ ತಟ್ಟುತ್ತಿದ್ದಳು. ಈಚೆಗೆ ತಟ್ಟುವುದನ್ನು ಬಿಟ್ಟಿದ್ದಳು.

ಗುಂಪಿನಲ್ಲಿ ಶ್ರವಣದ ಮಾತು ನಡೆಯುತ್ತಿದ್ದದ್ದು ಕಡಿಮೆ. ಟವೆಲ್ ಕಾರಖಾನೆಯ ಅಂಬಾದಾಸ ಹೊಸ ಸ್ಪೀಕರಿನ ಚಿತ್ರ ಹಾಕಿದರೆ, ಮೊಬೈಲ್ ಅಂಗಡಿಯ ಪಪ್ಪು ಅದರ ಕೆಳಗೆ ಸೊಲ್ಲಾಪುರದ ಸಾತ್ ರಸ್ತಾದ ಯಾವುದೋ ಖಾನಾವಳಿಯ ತಾಟಿನ ಚಿತ್ರ ಹಾಕುತ್ತಿದ್ದ. ಅಲ್ಲಿಂದ ಮುಂದೆ ರಸ್ಸಾ, ಶೇಂಗಾ ಚಟ್ನಿ, ಯಾರ ಹೊಲದಲ್ಲಿ ಎಳೆ ಜೋಳದ ಹುರಡಾ. ಮಲಕಾಜಪ್ಪನಿಗೆ ವೈರುಗಳ ಮಾತು ತಿಳಿಯುತ್ತಿರಲಿಲ್ಲ. ಊಟದ ಮಾತು ಬಂದಾಗ ಮಾತ್ರ ಅವನು ಬಾಯಿಬಿಡುತ್ತಿದ್ದ. ಸ್ಪೀಕರು ಯಾಕೆ ಕೊಂಡನೆಂದು ಯಾರೂ ಕೇಳಿರಲಿಲ್ಲ.

ಹೋದ ಬುಧವಾರ ಸಂಜೆ, ಎರಡು ತಾಟುಗಳ ಚಿತ್ರಗಳ ನಡುವೆ, ಅವನು ಬರೆದ: ಮುಂಜಾನಿಯಿಂದ ಎದಿಯೊಳಗ ಭಾರ ಅನಸಾಕತ್ತದ. ಏನಿರಬಹುದ್ರಿ?

ಸ್ಪೀಕರಿನ ಬಾಸ್ ಕಮ್ಮಿ ಮಾಡ್ರಿ, ಎಂದು ಅಂಬಾದಾಸ ಬರೆದ. ನಗುವ ಮುಖಗಳು ಸಾಲಾಗಿ ಬಂದವು. ಎಣ್ಣಿಗಾಯಿ ಕಮ್ಮಿ ತಿನ್ರಿ, ಎಂದ ಪಪ್ಪು. ಮತ್ತೊಂದು ತಾಟು ಬಂತು.

ಆಗ ಸೋಮೇಶ ಬರೆದ: ವಿಷಯಾಂತರ ಬೇಡ. ಇದು ಶ್ರವಣಕ್ಕೆ ಮೀಸಲಾದ ಗುಂಪು.

ತಾನು ಹೇಳಿದ್ದು ತಾಟುಗಳಿಗೆ. ಅಂದಿನಿಂದ ಅವನು ತನಗೆ ತಾನೇ ಹಾಗೆ ಹೇಳಿಕೊಳ್ಳುತ್ತಿದ್ದ. ಆದರೆ ಉತ್ತರ ಕೊಟ್ಟದ್ದು ತಾಟು ಹಾಕಿದವರಲ್ಲ. ಸಾರಿ ಸರ್, ಎಂದು ಬರೆದು, ಮುಗಿದ ಕೈಗಳ ಚಿತ್ರ ಹಚ್ಚಿದ್ದು ಮಲಕಾಜಪ್ಪ. ಮರುದಿನ ಬೆಳಿಗ್ಗೆ ಅವನು ಏಳಲಿಲ್ಲ.

“ಆ ಸ್ಪೀಕರ್ ಏನ್ ಮಾಡ್ತಾರೋ ಈಗ,” ಅಂಬಾದಾಸ ರಸ್ತೆಯನ್ನು ನೋಡುತ್ತಲೇ ಹೇಳಿದ. “ಅಂಥಾ ಪೀಸ್ ಈಗ ಸಿಗೂದಿಲ್ಲ. ಗೊಬ್ಬರದ ಧೂಳಿನ್ಯಾಗ ಹಾಳಾಗಿ ಹೋಗ್ತಾವ.”

“ಕೇಳಬ್ಯಾಡ್ರಿ ಶೇಠ್ ಇವತ್ತ. ಛಲೋ ಕಾಣೂದಿಲ್ಲ.”

“ನಾ ಯಾಕ ಕೇಳ್ಲಿ? ಅವರಾಗೇ ಮಾತು ತಗದ್ರ ಮಾತ ಬ್ಯಾರೆ.”

ಸೋಮೇಶನಿಗೆ ಮೈ ಉರಿಯಿತು. ನಾಚಿಕೆ ಇಲ್ಲವೇ ನಿಮಗೆ ಎಂಬ ವಾಕ್ಯ ಅವನೊಳಗೆ ಪೂರ್ತಿ ಸಿದ್ಧವಾಯಿತು. ಕರ್ತೃ, ಕ್ರಿಯೆ, ಪ್ರಶ್ನಾರ್ಥಕ ಚಿಹ್ನೆ ಎಲ್ಲವೂ ಸರಿಯಾಗಿ. ಅದು ಹಾಗೇ ಇತ್ತು, ಕಾರು ಅಕ್ಕಲಕೋಟ ಸೇರಿತು. ಮಟನ್ ತಿರುಗಿ ಬರುವಾಗಲೇ ಎಂದು ನಡುವೆ ಯಾವಾಗಲೋ ತೀರ್ಮಾನವಾಗಿತ್ತು.

ಕೆಳಗೆ ಅಂಗಡಿ, ಮೇಲೆ ಮನೆ. ಅರ್ಧ ಎಳೆದ ಶಟರಿನ ಮುಂದೆ ನಾಲ್ಕಾರು ಗಂಡಸರು ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮೇಲೆ ಮಲಕಾಜಪ್ಪನ ಹೆಂಡತಿ ಉಮಾಬಾಯಿ ಗೋಡೆಗೆ ಒರಗಿದ್ದಳು. ನೆರೆಯ ಹೆಂಗಸರು ಇವರನ್ನು ಕಂಡು ಎದ್ದು ಒಳಗೆ ಹೋದರು.

“ಭಾಳ ಕೆಟ್ಟ ಆತ್ರಿ ವೈನಿ,” ಎಂದ ಅಂಬಾದಾಸ.

ಉಮಾಬಾಯಿ ತಲೆಯಾಡಿಸಿದಳು.

“ದೇವರ ಮುಂದ ಯಾರದೇನ ನಡೀತದ್ರಿ.”

ಅದಕ್ಕೂ ತಲೆಯಾಡಿಸಿದಳು. ಅಂಬಾದಾಸನ ಹತ್ತಿರ ಇದ್ದದ್ದು ಅಷ್ಟೇ. ಫ್ಯಾನು ತಿರುಗುತ್ತಿತ್ತು. ಪಪ್ಪು ತನ್ನ ಸಾಕ್ಸಿನ ತೂತನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಂಡ.

“ಅವತ್ತ ರಾತ್ರಿ ಊಟಾ ಬ್ಯಾಡ ಅಂದ್ರು,” ಎಂದಳು ಉಮಾಬಾಯಿ, ಯಾರೂ ಕೇಳದಿದ್ದರೂ. “ಆ ಖೋಲಿಯೊಳಗ ಫೋನ್ ಹಿಡಕೊಂಡು ಕುಂತಿದ್ರು. ಒಂದೀಟು ನಕ್ಕಂಗ ಮಾಡಿದ್ರು. ಆಮ್ಯಾಲ ಸುಮ್ಮ ಕುಂತ್ರು. ಏನಾತ್ರಿ ಅಂದೆ. ಏನಿಲ್ಲ ಅಂದ್ರು.”

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ನನಗೇನೂ ಹೇಳಲಿಲ್ಲ. ನಿಮಗೇನರ ಹೇಳಿದ್ರೇನು? ಆರಾಮಿಲ್ಲ ಅಂತ?”

ಅಂಬಾದಾಸ ಪಪ್ಪುವನ್ನು ನೋಡಿದ. ಪಪ್ಪು ಫ್ಯಾನು ನೋಡಿದ.

“ಇಲ್ಲ ವೈನಿ,” ಎಂದ ಅಂಬಾದಾಸ. “ಹಂಗೇನೂ ಇಲ್ಲ. ಸುಮ್ಮ ಊಟದ ಮಾತು, ಗಪ್ಪಾ ನಡದಿದ್ವು.”

“ಊಟದ್ದು?” ಅವಳ ದನಿ ಮೊದಲ ಸಲ ಏರಿತು. “ಎರಡು ದಿನದಿಂದ ತುತ್ತು ಇಳೀತಿದ್ದಿಲ್ಲ ಅವರಿಗೆ. ಊಟದ ಗಪ್ಪಾ ಹೊಡದ್ರಾ?”

ಅವಳು ಸೋಮೇಶನ ಕಡೆ ತಿರುಗಿದಳು.

“ಸರ್, ನೀವು ಹೇಳ್ರಿ. ಸರ್ ಭಾಳ ಓದಿದವರು, ಸರ್ ಒಂದು ಮಾತು ಅಂದ್ರ ಮುಗೀತು ಅಂತಿದ್ರು ನಿಮ್ಮ ಬಗ್ಗಿ. ನಿಮಗೇನರ ಗೊತ್ತಿತ್ತೇನು?”

ಹೌದು, ಅನ್ನಬೇಕು. ಎದೆ ಭಾರ ಎಂದು ಕೇಳಿದ್ದರು, ನಾವು ನಕ್ಕೆವು, ನಾನು ಬಾಯಿ ಮುಚ್ಚಿಸಿದೆ. ಅಷ್ಟೇ ವಾಕ್ಯ. ಅವಳು ಕಿರುಚಬಹುದು, ಚಪ್ಪಲಿ ಎತ್ತಿಕೊಳ್ಳಬಹುದು, ಕೆಳಗಿನ ಗಂಡಸರು ಓಡಿ ಬರಬಹುದು. ಬರಲಿ. ಸೋಮೇಶ ಬಾಯಿ ತೆರೆದ. ಹೊರಗೆ ಬಂದದ್ದು ಪಾಠದ ದನಿ.

“ಇಲ್ಲರಿ. ಅವರು ಅಂಥಾದ್ದು ವಿಶೇಷ ಏನೂ ಹೇಳಲಿಲ್ಲ.”

ಉಮಾಬಾಯಿ ಅವನನ್ನೇ ನೋಡುತ್ತ ಕೂತಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಂಬಿದ್ದರೆ ಅದು ಇನ್ನೂ ಕೆಟ್ಟದ್ದು ಎನಿಸಿತು ಅವನಿಗೆ.

“ಹಂಗಾದ್ರ ಏನ್ ಕೇಳ್ತಿದ್ರಿ ನೀವೆಲ್ಲ?” ಎಂದಳು. “ಕೇಳೂದು, ಕೇಳೂದು, ಕೇಳೂದು. ದಿನಾ ಅದ ಮಾತು. ಹೊಲಾ ಬಿಟ್ಟು, ಅಂಗಡಿ ಬಿಟ್ಟು, ನಮ್ಮನ್ನ ಬಿಟ್ಟು ಕೇಳೂದು. ಏನ್ ಕೇಳ್ತಿದ್ರಿ?”

“ವೈನಿ, ಶಾಂತ ಆಗ್ರಿ...”

“ತಗೊಂಡ್ ಹೋಗ್ರಿ ಅದನ್ನ.” ಅವಳು ಒಳಗಿನ ಕೋಣೆಗೆ ಬೆರಳು ತೋರಿದಳು. “ಇವತ್ತ. ಈಗ. ನನ್ನ ಕಣ್ಣಮುಂದ ಇರಬಾರದು.”

“ಅಯ್ಯ, ಹಂಗ ಹೆಂಗ್ರಿ,” ಎನ್ನುತ್ತಲೇ ಅಂಬಾದಾಸ ಎದ್ದಿದ್ದ. “ನಿಮಗ ತ್ರಾಸ ಆಗಾಕತ್ತಿದ್ರ ನಾವು ಸಂಭಾಳಿಸಿ ಇಡ್ತೀವಿ. ಯಾವಾಗರ ಬೇಕಂದ್ರ ಹೇಳ್ರಿ.”

ಖೋಲಿ ಸಣ್ಣದು. ಎದೆಯೆತ್ತರದ ಎರಡು ಸ್ಪೀಕರುಗಳು ಗೋಡೆಗೆ ಒತ್ತಿ ನಿಂತಿದ್ದವು, ಹಾಗಿಟ್ಟರೆ ದನಿ ಕೆಡುತ್ತದೆ. ಒಮ್ಮೆ ಬಂದು ಎಲ್ಲಿಡಬೇಕು ಹೇಳ್ರಿ ಸರ್ ಎಂದು ಮಲಕಾಜಪ್ಪ ಎಷ್ಟೋ ಸಲ ಕರೆದಿದ್ದ. ಬರುತ್ತೇನೆ ಎಂದು ಸೋಮೇಶ ಎಷ್ಟೋ ಸಲ ಹೇಳಿದ್ದ. ಕುರ್ಚಿಯಂತೂ ಸ್ಪೀಕರುಗಳ ಕಡೆ ಮುಖ ಮಾಡಿಯೇ ಇರಲಿಲ್ಲ. ಅದು ಕಿಟಕಿಗೆ ತಿರುಗಿತ್ತು. ಕಿಟಕಿಯಾಚೆ ರಸ್ತೆ, ರಸ್ತೆಯಲ್ಲಿ ಬಸ್ಸಿಗೆ ಕಾಯುವ ಜನ.

“ಒಮ್ಮಿ ಹಚ್ಚಿ ನೋಡೂಣೇನು?” ಅಂಬಾದಾಸ ಪಿಸುಗುಟ್ಟಿದ. “ಸಣ್ಣಗ.”

“ಹುಚ್ಚ ಹಿಡದದೇನ್ರಿ ಶೇಠ್,” ಎಂದ ಪಪ್ಪು. ಆದರೆ ಅವನೂ ಮೊಣಕಾಲೂರಿ ಹಿಂದಿನ ವೈರು ನೋಡುತ್ತಿದ್ದ.

ಈಗ ಹೇಳುತ್ತೇನೆ, ಇಬ್ಬರಿಗೂ ಎರಡು ಬಿಗಿಯುತ್ತೇನೆ, ಎಂದುಕೊಂಡ ಸೋಮೇಶ. ಅಷ್ಟರಲ್ಲಿ ಅವನ ಕೈ ತಾನಾಗಿ ಸ್ಪೀಕರಿನ ಮೈಯನ್ನು ಸವರಿತ್ತು. ತೇಗದ ಮರ. ಒಂದು ಗೀರೂ ಇಲ್ಲ. ತನ್ನ ಖೋಲಿಯ ಪೂರ್ವದ ಗೋಡೆಯ ಬಳಿ ಇವು ಎಷ್ಟು ಸರಿಯಾಗಿ ಕೂರುತ್ತವೆ ಎಂದು ಅವನ ಒಂದು ಭಾಗ ಲೆಕ್ಕ ಹಾಕುತ್ತಿತ್ತು. ಆ ಭಾಗವನ್ನು ಹಿಡಿದು ಹೊಡೆಯುವ ಹಾಗಿರಲಿಲ್ಲ.

“ಸರ್, ನೀವು ಆ ಕಡೆ ಹಿಡೀರಿ,” ಎಂದ ಪಪ್ಪು.

ಅವನು ಹಿಡಿದ.

ಸ್ಪೀಕರನ್ನು ಬಿಳಿ ಚಾದರದಲ್ಲಿ ಸುತ್ತಿ, ಅಡ್ಡ ಮಲಗಿಸಿ, ಹೆಗಲು ಕೊಟ್ಟು ಇಳಿಸಿದರು. ಮೆಟ್ಟಿಲು ಇಕ್ಕಟ್ಟು. ಕೆಳಗೆ ಕೂತಿದ್ದವರು ಎದ್ದು ದಾರಿ ಬಿಟ್ಟರು. ಒಬ್ಬ ಮುದುಕ ಅಭ್ಯಾಸಬಲದಿಂದ ಟೋಪಿ ತೆಗೆದ, ಆಮೇಲೆ ಏನೆಂದು ತಿಳಿದು ಅವಸರದಿಂದ ಹಾಕಿಕೊಂಡ. ಎರಡನೆಯದಕ್ಕೆ ಮತ್ತೆ ಹತ್ತಿದರು, ಮತ್ತೆ ಇಳಿದರು. ಉಮಾಬಾಯಿ ಹೊರಗೆ ಬರಲಿಲ್ಲ. ಕೊನೆಯ ಸಲ ಇಳಿಯುವಾಗ ಮೇಲೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ಬಡಿದದ್ದಲ್ಲ, ಮೆಲ್ಲಗೆ ಚಿಲಕ ಸರಿಸಿದ್ದು.

ಹಿಂದಿನ ಸೀಟಿನಲ್ಲಿ ಎರಡು ಸ್ಪೀಕರು ಮಲಗಿದವು. ಪಪ್ಪು ಅವುಗಳ ಪಕ್ಕದಲ್ಲಿ ಮುದುಡಿ ಕೂತ.

ಕುಂಭಾರಿ ಇನ್ನೂ ದೂರವಿರುವಾಗಲೇ ಪಪ್ಪು ಹೇಳಿದ, ಭಾಕ್ರಿ ತಟ್ಟುವ ಸದ್ದಿನ ಹೋಟೆಲು ಸಿಕ್ಕಿತು. ಕೈಕಾಲು ತೊಳೆದುಕೊಂಡರೆ ಜಳಕ ಮಾಡಿದಂತೆಯೇ ಎಂದು ಅಂಬಾದಾಸ ತೀರ್ಪು ಕೊಟ್ಟ. ಬೇವಿನ ಮರದ ಕೆಳಗೆ ಮೇಜು. ರಸ್ಸಾ ಕಪ್ಪಗೆ ಹೊಳೆಯುತ್ತಿತ್ತು. ಸೋಮೇಶನಿಗೆ ಭಯಂಕರ ಹಸಿವಾಗಿತ್ತು. ಮನೆಯಲ್ಲಿ ಮುಟ್ಟದ್ದನ್ನು ಹೊರಗೆ ತಿನ್ನುವವನು ಅವನು. ತಿಂದ. ಊಟ ನಿಜಕ್ಕೂ ಚೆನ್ನಾಗಿತ್ತು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.

“ಸಾತ್ ರಸ್ತಾದಕ್ಕಿಂತ ಒಂದು ಕೈ ಮ್ಯಾಲ,” ಎಂದ ಪಪ್ಪು.

“ಖಾರ ಬರೋಬ್ಬರಿ ಅದ. ಫೋಟೋ ಹಾಕು ಗ್ರೂಪಿನ್ಯಾಗ.”

“ಅವರು ಎದಿ ಭಾರ ಅಂತ ಕೇಳಿದ್ರು,” ಎಂದ ಸೋಮೇಶ.

ಇಬ್ಬರೂ ತಾಟು ನೋಡಿದರು.

“ಉಣ್ಣೂ ಮುಂದ ಅದ್ಯಾಕ ಸರ್,” ಎಂದ ಪಪ್ಪು.

“ಆ ಹೆಣ್ಣುಮಗಳು ಕೇಳಿದಾಗ ಸುಳ್ಳ ಹೇಳಿದ್ರಿ ನೀವು, ಅಂಬಾದಾಸ.”

“ನೀವೇನು ಖರೆ ಹೇಳಿದ್ರ್ಯಾ?” ಅಂಬಾದಾಸ ಭಾಕ್ರಿಯನ್ನು ತಾಟಿಗೆ ಎಸೆದ. ಅವನ ಮುಖ ಕೆಂಪಾಗಿತ್ತು. ಅದು ಇಷ್ಟು ದಿನ ಅವನೊಳಗೂ ಇತ್ತೆಂದು ಸೋಮೇಶನಿಗೆ ಆಗ ತಿಳಿಯಿತು. “ನಾ ಚೇಷ್ಟಾ ಮಾಡಿದೆ. ಖರೆ. ಗೆಳ್ಯಾ ಅಂತ ಮಾಡಿದೆ. ಚೇಷ್ಟಾ ಮಾಡಿದ್ರ ಮನಷ್ಯಾ ತಿರುಗಿ ಮಾತಾಡ್ತಾನ. ಅವನ ಬಾಯಿ ಮುಚ್ಚಿಸಿದವರ್ಯಾರು? ಸಾರಿ ಸರ್ ಅಂದದ್ದು ಯಾರಿಗ್ರಿ? ನನಗೇನು?”

ಸೋಮೇಶ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಇಷ್ಟು ದಿನದ್ದೆಲ್ಲ, ಇಷ್ಟು ವರ್ಷದ್ದೆಲ್ಲ ಗಂಟಲಿಗೆ ಬಂದಿತ್ತು. ಈ ಸಲ ವಾಕ್ಯ ಮೊದಲೇ ಸಿದ್ಧವಾಗಿರಲಿಲ್ಲ. ಮೈಂದರ್ಗಿಯ ಕನ್ನಡದಲ್ಲಿ, ಹೊಲದಲ್ಲಿ ಕೂಗುವ ದನಿಯಲ್ಲಿ, ಅದು ತಾನಾಗಿ ಹೊರಟಿತು.

ಅದೇ ಹೊತ್ತಿಗೆ ರಸ್ತೆಯ ಕಡೆಯಿಂದ ಸದ್ದು ಬಂತು. ಮೊದಲು ನೀರಿನ ಗ್ಲಾಸು ನಡುಗಿತು, ಆಮೇಲೆ ಮೇಜು, ಆಮೇಲೆ ಪಕ್ಕೆಲುಬು. ಯಾವ ಊರಿನ ಮೆರವಣಿಗೆಗೋ ಹೊರಟ ಡಿಜೆ ಟ್ರಾಕ್ಟರು. ಟ್ರಾಲಿಯ ತುಂಬ ಗೋಡೆಯಂತೆ ಪೇರಿಸಿದ ಕರಿಯ ಪೆಟ್ಟಿಗೆಗಳು. ಮುಂದೆ ಕುಣಿಯುವವರಿಲ್ಲ, ಹಿಂದೆ ನಡೆಯುವವರಿಲ್ಲ. ಬೇವಿನ ಮರದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹೋದವು.

ಸೋಮೇಶ ಕೂಗುತ್ತಲೇ ಇದ್ದ. ಕತ್ತಿನ ನರ ಉಬ್ಬಿತ್ತು. ತನ್ನ ಮಾತು ತನಗೇ ಕೇಳಿಸುತ್ತಿರಲಿಲ್ಲ. ಅಂಬಾದಾಸ ಕಿವಿಗಳ ಮೇಲೆ ಕೈ ಒತ್ತಿಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದ. ಏನೋ ಬೇಕಾಗಿದೆ ಎಂದುಕೊಂಡು ಪಪ್ಪು ಮಾಣಿಗೆ ಬೆರಳೆತ್ತಿ, ಇನ್ನೊಂದು ಭಾಕ್ರಿ ಎಂದು ಸನ್ನೆ ಮಾಡಿದ.

ಟ್ರಾಕ್ಟರು ಅವರ ಎದುರಿಗೆ ಬಂತು. ಪೆಟ್ಟಿಗೆಗಳ ನೆತ್ತಿಯ ಮೇಲೆ, ಉರಿಬಿಸಿಲಿನಲ್ಲಿ, ಟವೆಲಿನಿಂದ ಮುಖ ಮುಚ್ಚಿಕೊಂಡು ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ಬಾಸಿನ ಪ್ರತಿ ಹೊಡೆತಕ್ಕೂ ಅವನ ದೇಹ ಒಂದಿಷ್ಟು ಮೇಲೆದ್ದು ಮತ್ತೆ ಬೀಳುತ್ತಿತ್ತು. ಅಷ್ಟು ಸದ್ದಿಗೂ ಅವನಿಗೆ ಎಚ್ಚರವಾಗಲಿಲ್ಲ.