ತೂಬಿನ ಕೂಗು

ಕಡಹಿನಬೈಲಿನ ನೀರಿನ ಗಿರಣಿಯನ್ನು ಮತ್ತೆ ತಿರುಗಿಸಬೇಕೆಂದು ರೇಣುಕಾಪ್ರಸಾದ್ ಹೊರಟಾಗ, ಬೂತಪ್ಪ ಒಪ್ಪುತ್ತಾನೆಂದು ಯಾರೂ ಎಣಿಸಿರಲಿಲ್ಲ. ಗಿರಣಿ ಕಟ್ಟಿಸಿದ್ದು ರೇಣುಕಾಪ್ರಸಾದನ ಅಜ್ಜ. ನಡೆಸಿದ್ದು ಬೂತಪ್ಪನ ಅಪ್ಪ, ಆಮೇಲೆ ಬೂತಪ್ಪ. ಎಪ್ಪತ್ತೈದನೇ ಇಸವಿಯಲ್ಲಿ ಅವನ ಹೆಂಡತಿ ಶಾಂತಕ್ಕ ಅಲ್ಲೇ ಚಕ್ರದ ಗುಂಡಿಯಲ್ಲಿ ಸತ್ತಳು. ನೀರು ತಡೆಯಲು ಅವತ್ತು ಇಳಿಸಿದ ತೂಬಿನ ಹಲಗೆಯನ್ನು ಅವನು ಮತ್ತೆ ಎತ್ತಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಹಳ್ಳದ ದಾರಿಯನ್ನೇ ಬಿಟ್ಟು, ಗದ್ದೆ ಬದುವಿನ ಮೇಲೆ ಸುತ್ತು ಹಾಕಿ ಕೂಲಿಗೆ ಹೋಗಿಬರುತ್ತಿದ್ದ.

ಈಗ ಕರೆದ ಕೂಡಲೇ ಬಂದ. "ಎಲ್ಲ ಮೊದಲು ಇದ್ದ ಹಾಗೇ ಆಗಬೇಕು ಅಯ್ಯ. ಇಲ್ಲದಿದ್ರೆ ನಾನು ಬರೂದಿಲ್ಲ" ಎಂದ.

ಮಳೆಗಾಲ ಮುಗಿದ ಮೇಲೆ ಕೆಲಸ ಹಿಡಿದರು. ಬಡಗಿ ಸೀತಾರಾಮ ಹಲಸಿನ ಹಲಗೆ ಕೊಯ್ಯಿಸಿ ಚಕ್ರಕ್ಕೆ ಹೊಸ ರೆಕ್ಕೆ ಕೂರಿಸಿದ. ಬೂತಪ್ಪ ಬೀಸುಕಲ್ಲನ್ನು ಮಗುಚಿ, ದಿನಕ್ಕೆ ಗೇಣಗಲದಂತೆ ಉಳಿಯಲ್ಲಿ ಕುಟ್ಟಿ ಹೊಸ ಹಲ್ಲು ಮೂಡಿಸಿದ. ತೂಬನ್ನು ಗಿರಣಿಯ ಪಕ್ಕಕ್ಕೇ ತಂದು ಕಬ್ಬಿಣದ ಗೇಟ್ ಹಾಕಿಸೋಣ, ಓಡಾಟ ತಪ್ಪುತ್ತದೆ ಎಂದು ರೇಣುಕಾಪ್ರಸಾದ್ ಹೇಳಿ ನೋಡಿದ. ಬೂತಪ್ಪ ಕೇಳಲಿಲ್ಲ. ಕಾಲುವೆಯಲ್ಲಿ ನಲವತ್ತು ಮಾರು ಮೇಲೆ, ಹಳೆಯ ಜಾಗದಲ್ಲೇ ಹಲಗೆ ನಿಲ್ಲಿಸಿದ. ಹೆಚ್ಚಿದ ನೀರು ಪಕ್ಕದ ತೋಡಿಗೆ ಧುಮುಕುವ ಕಡೆ ಇದ್ದ ಹಾಸುಗಲ್ಲನ್ನೂ ಹುಡುಕಿ ತಂದು ಮೊದಲಿನಂತೆಯೇ ಹಾಕಿದ.

"ನಿನ್ನ ಹಟಕ್ಕಿಂತ ಆ ಕಲ್ಲೇ ಮೆತ್ತಗೆ ಮಾರಾಯ" ಎಂದು ಸೀತಾರಾಮ ನಕ್ಕ.

ಹಿಂದೆ ಆ ಗಿರಣಿಯಲ್ಲಿ ಒಂದು ಕಟ್ಟಳೆ ಇತ್ತು. ಚಕ್ರಕ್ಕೆ ಸಿಕ್ಕಿದ ಕಸಕಡ್ಡಿ ತೆಗೆಯಲು ಶಾಂತಕ್ಕ ಗುಂಡಿಗೆ ಇಳಿಯುತ್ತಿದ್ದಳು. ತೂಬಿನ ಹತ್ತಿರ ನಿಂತವನಿಗೆ ಗುಂಡಿ ಕಾಣುತ್ತಿರಲಿಲ್ಲ, ನಡುವೆ ದಿಬ್ಬ. ಅದಕ್ಕೆ ಅವನು "ನೀರು ಬಿಡ್ತೀನೇ" ಎಂದು ಮೂರು ಸಲ ಕೂಗಬೇಕು. ಅವಳು ಮೇಲೆ ಹತ್ತಿ ನಿಂತು "ಬಿಡಿ" ಎಂದರೆ ಮಾತ್ರ ಹಲಗೆ ಎತ್ತಬೇಕು.

ಆ ದಿನ ಗಂಡ ಹೆಂಡತಿಗೆ ಮಾತಿರಲಿಲ್ಲ. ನೆಮ್ಮಾರಿನ ತವರಿಗೆ ಕರೆದುಕೊಂಡು ಹೋಗುತ್ತೇನೆಂದವನು, ಬೀಸುವ ರಾಗಿ ರಾಶಿ ಬಿದ್ದಿದೆಯೆಂದು ಮುಂದೂಡಿದ್ದ. ಎರಡು ದಿನದಿಂದ ಏನು ಹೇಳುವುದಿದ್ದರೂ ನಾಲ್ಕು ವರ್ಷದ ಮಗಳು ಕುಸುಮಾಳ ಬಾಯಲ್ಲಿ ಹೇಳಿಸುತ್ತಿದ್ದರು. ಬೂತಪ್ಪ ಮೂರು ಸಲ ಕೂಗಿದ. ಉತ್ತರ ಬರಲಿಲ್ಲ. ಸಿಟ್ಟಿನಲ್ಲಿ ಮನೆಗೆ ಹೋಗಿರಬೇಕು ಎಂದುಕೊಂಡು ಹಲಗೆ ಎತ್ತಿದ.

ತೋಡಿನ ನೀರಿನ ಸದ್ದಿಗೆ ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ಊರವರು ಸಮಾಧಾನ ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡೇ ಅವನು ಇಷ್ಟು ವರ್ಷ ಬದುಕಿದ್ದ. ಕೇಳಿಸಿದ್ದರೆ, ತಾನು ಹೇಳುವ ತನಕ ಗಂಡ ನೀರು ಬಿಡುವುದಿಲ್ಲವೆಂದು ನಂಬಿ ಅವಳು ಬಿಗುಮಾನದಲ್ಲಿ ಸುಮ್ಮನಿದ್ದಳು ಎಂದಾಗುತ್ತಿತ್ತು.

ಈ ಸಲ ಡಿಸೆಂಬರಿನಲ್ಲಿ ಕಾಲುವೆ ತುಂಬಿ ನೀರು ಮೊದಲಿನ ಹಾಗೇ ತೋಡಿಗೆ ಬೀಳತೊಡಗಿತು. ಬುತ್ತಿ ತಂದ, ಈಗ ಮೂವತ್ತು ದಾಟಿದ ಕುಸುಮಾಳನ್ನು ಬೂತಪ್ಪ ಗುಂಡಿಗೆ ಇಳಿದು ನಿಲ್ಲಲು ಹೇಳಿದ.

"ನಾನು ಕೂಗ್ತೀನಿ. ಕೇಳಿದ್ರೆ ಬಿಡಿ ಅನ್ನು. ನೀನು ನನ್ನ ಕಣ್ಣೆದುರಿಗೆ ಬರೂವರೆಗೆ ಹಲಗೆ ಮುಟ್ಟೂದಿಲ್ಲ."

ಕುಸುಮಾ ಬುತ್ತಿ ಕೆಳಗಿಟ್ಟು, ದಿಬ್ಬ ದಾಟಿ ಗುಂಡಿಗೆ ಇಳಿದಳು.

ಗುಂಡಿಯಲ್ಲಿ ಹೊಸ ಹಲಗೆಯ ವಾಸನೆ. ತೋಡಿನ ಸದ್ದು ದಿಬ್ಬದ ಆಚೆಗೇ ಉಳಿದಿತ್ತು. ಅಪ್ಪನ ದನಿ ಪಕ್ಕದಲ್ಲೇ ನಿಂತು ಕೂಗಿದಂತೆ ಬಂತು. ಕೊನೆಗೆ ಅದು ನಡುಗಿದ್ದೂ ಕೇಳಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎರಡನೇ ಸಲ ಕೂಗಿದ. ಮೂರನೇ ಸಲ ಕೂಗಿದ. ಬಹಳ ಹೊತ್ತು ಬಿಟ್ಟು ಅವಳು ದಿಬ್ಬ ಹತ್ತಿ ತೂಬಿನ ಹತ್ತಿರ ಹೋದಳು.

"ಕೂಗಿದ್ಯಾ ಅಪ್ಪಯ್ಯ? ಏನೂ ಕೇಳಲಿಲ್ಲ. ಬರೀ ನೀರಿನ ಸದ್ದು."

ಬೂತಪ್ಪ ಅವಳನ್ನೇ ನೋಡಿದ. "ಮುಖ ಎಂತಕ್ಕೆ ಒದ್ದೆ? ನೀರು ಸಿಡೀತಾ?"

"ಹೂಂ. ಚಕ್ರದಿಂದ."

ಹಲಗೆ ಇನ್ನೂ ಇಳಿದೇ ಇತ್ತು. ಚಕ್ರದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ಹೌದಾ ಮಗಾ" ಎಂದ. ಆಮೇಲೆ ಸೀತಾರಾಮನನ್ನು ಕರೆಸಿ, "ನೀನೇ ಎತ್ತು ಮಾರಾಯ. ನನ್ನ ಕೈಲಿ ಆಗೂದಿಲ್ಲ" ಎಂದು ಪಕ್ಕಕ್ಕೆ ಸರಿದ.

ಸೀತಾರಾಮ ಹಲಗೆ ಎತ್ತಿದ. ನೀರು ಕಾಲುವೆಯಲ್ಲಿ ಇಳಿದು ಹೋಯಿತು. ಸ್ವಲ್ಪ ಹೊತ್ತಿಗೆ ಗುಂಡಿಯ ದಡದಿಂದ ರೇಣುಕಾಪ್ರಸಾದ್, ತಿರುಗಿತು ಬೂತಪ್ಪ, ತಿರುಗಿತು ಎಂದು ಕೂಗಿದ್ದು ದಿಬ್ಬ ದಾಟಿ ಬಂತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು.

ಅಪ್ಪ ಮಗಳು ಇಬ್ಬರೂ ಕೇಳಿಸದವರಂತೆ ನಿಂತಿದ್ದರು.