ಕಂಡಕ್ಟರ್ ದೇವರಾಜು ಬಾಯಿಗೆ ತಂತಿ

ನಮ್ ಕಡೆ ಹಲ್ನೋವು ಅಂದ್ರೆ ಯಾರೂ ಅದನ್ನ ಕಾಯ್ಲೆ ಅಂತ ಲೆಕ್ಕಕ್ಕೇ ಇಟ್ಕಳಲ್ಲ. ಲವಂಗ ಕಚ್ಕೊ, ಉಪ್ಪುನೀರು ಮುಕ್ಕಳುಸು, ಸುಮ್ಕೆ ಗದ್ದೆಗೆ ನಡಿ, ಅಷ್ಟೆ. ಹಲ್ಲು ಒಂದ್ರ ಮೇಲೊಂದು ಹತ್ಕೊಂಡು ಬೆಳುದ್ರೆ ಅದು ಹಣೇಬರ ಅಂದ್ಬುಡ್ತೀವಿ. ಆದ್ರೆ ಕಂಡಕ್ಟರ್ ದೇವರಾಜುಗೆ ಆಗಿದ್ದನ್ನ ನಾನು ಕಣ್ಣಾರೆ ಕಂಡಿವ್ನಿ. ಹೇಳ್ತೀನಿ, ಕೆಲ್ಸ ಇದ್ರೆ ಮಾಡ್ಕೊಂಡೇ ಕೇಳಿ.

ನಾನು ಸೋಮಮ್ಮ, ಕಿರಂಗೂರಿನೋಳು. ದಿನಾ ಹೊತ್ತಾರೆ ಸೊಪ್ಪಿನ ಮಂಕ್ರಿ ಹೊತ್ಕೊಂಡು ಪಾಂಡವಪುರಕ್ಕೆ ಹೋಗಿ ಮಾರ್ಕೊಂಡು ಬತ್ತೀನಿ. ಶ್ರೀರಂಗಪಟ್ಟಣದಿಂದ ಕೆ.ಆರ್.ಪೇಟೆಗೆ ಹೋಗೋ ಪ್ರೈವೇಟ್ ಬಸ್ಸಲ್ಲಿ ಹಿಂದ್ಲ ಬಾಗ್ಲತ್ರದ ಸೀಟು ನಂದು. ಬೇರೆಯೋರು ಕೂತಿದ್ರೂ ನನ್ ಮುಖ ನೋಡಿ ಎದ್ದೋಯ್ತರೆ. ಆ ಬಸ್ಸಿಗೆ ದೇವರಾಜು ಕಂಡಕ್ಟರು. ಶೀಳನೆರೆ ಹುಡ್ಗ, ವಯಸ್ಸು ಇಪ್ಪತ್ತೈದು ದಾಟಿತ್ತು. ಒಳ್ಳೇ ಹುಡ್ಗ, ಮುದುಕ್ರು ಬಸ್ ಹತ್ತುವಾಗ ಕೈ ಕೊಡೋನು, ನನ್ ಮಂಕ್ರಿ ಎತ್ಕೊಡೋನು.

ಪಾಪ, ಅವ್ನ ಮೇಲಿನ ಹಲ್ಲು ಮುಂದಕ್ಕೆ ಬಂದು ಒಂದ್ರ ಮೇಲೊಂದು ಹತ್ಕೊಂಡಿದ್ವು. ಬಸ್ಸಲ್ಲಿ ಯಾರೋ ಏನೋ ತಮಾಷೆ ಅಂದ್ರೆ ಎಲ್ಲಾರೂ ನಗೋರು, ಇವ್ನೂ ನಗೋನು, ಆದ್ರೆ ಟಿಕೀಟಿನ ಕಟ್ಟು ಹಿಡ್ದಿದ್ದ ಕೈನ ಬಾಯಿಗೆ ಅಡ್ಡ ಇಟ್ಕೊಂಡು. ಅದು ಎಷ್ಟು ರೂಢಿ ಆಗೋಗಿತ್ತು ಅಂದ್ರೆ ಕೆಮ್ಮಿದ್ರೂ ಕೈ, ಆಕಳಿಸಿದ್ರೂ ಕೈ. ನೋಡಿದಾಗೆಲ್ಲ ನಂಗೆ ಅಯ್ಯೋ ಅನ್ಸೋದು.

ಒಂದಿನ ದವಡೆ ಊದ್ಕೊಂಡು ಬಂದ. ಹಲ್ಲಿನ ಸಂದೀಲಿ ಕೂಳು ಸಿಕ್ಕಾಕ್ಕೊಂಡು ವಸಡು ಕೊಳೆಯಕ್ಕೆ ಶುರುವಾಗಿತ್ತು. ಆಗ ಮೈಸೂರಿಂದ ಒಬ್ರು ಡಾಕ್ಟ್ರಮ್ಮ ಭಾನುವಾರ ಭಾನುವಾರ ಶ್ರೀರಂಗಪಟ್ಟಣಕ್ಕೆ ಬಂದು ಹಲ್ಲು ನೋಡ್ತಿದ್ರು. ಅವ್ರು ಇವ್ನ ಬಾಯಿ ನೋಡಿ, ಇವತ್ತಿನ ನೋವಿಗೆ ಔಷ್ದಿ ಕೊಡ್ತೀನಿ, ಆದ್ರೆ ಹಲ್ಲು ಸಾಲಿಗೆ ಬರ್ದಿದ್ರೆ ಎಷ್ಟು ಉಜ್ಜಿದ್ರೂ ಸಂದಿ ಚೊಕ್ಕಟ ಆಗಲ್ಲ, ವಸಡು ಹಾಳಾಗಿ ವಯಸ್ಸಾಗೋಕೆ ಮುಂಚೆನೇ ಹಲ್ಲು ಅಲ್ಲಾಡ್ತವೆ, ತಂತಿ ಹಾಕಿ ನಿಧಾನಕ್ಕೆ ಸಾಲಿಗೆ ತರ್ಬೇಕು ಅಂದ್ರಂತೆ. ಇದೆಲ್ಲ ಶಾಲೆ ಮಕ್ಳಿಗೆ ಅಲ್ವಾ ಮೇಡಂ, ನಂಗೀಗ ಮದ್ವೆ ವಯಸ್ಸು ಅಂದಿದ್ದಾನೆ ಇವ್ನು. ಊದಿರೋ ವಸಡು ಮೊದ್ಲು ವಾಸಿ ಆಗ್ಲಿ, ವಸಡು ಗಟ್ಟಿ ಇದ್ರೆ ದೊಡ್ಡೋರಿಗೂ ತಂತಿ ಹಾಕ್ಬೋದು, ಸ್ವಲ್ಪ ನಿಧಾನ ಆಗ್ಬೋದು ಅಷ್ಟೆ ಅಂತ ಹೇಳಿದ್ರಂತೆ. ವಸಡು ವಾಸಿ ಆದ ಮೇಲೆ ಧೈರ್ಯ ಮಾಡಿ ಹಾಕುಸ್ಕೊಂಡ.

ಹಾಕುಸ್ಕೊಂಡು ಬಂದ ಮಾರ್ನೇ ದಿನ ಅವ್ನ ಮುಖ ನೋಡ್ಬೇಕಿತ್ತು. ಹಲ್ಲೆಲ್ಲ ಜುಂ ಅಂತಾವೆ ಅಕ್ಕ, ಅನ್ನದಗ್ಳು ತಾಗಿದ್ರೂ ಜೀವ ಹೋಯ್ತದೆ ಅಂದ. ಒಳಗಡೆ ತುಟಿ ಉಜ್ಜಿ ಉಜ್ಜಿ ಗಾಯ ಆಗಿತ್ತು. ಊಟ ಬುಟ್ಬುಟ್ಟಿದ್ದ. ನಾನು ಬೈದೆ. ಮುದ್ದೆ ಯಾವನಾದ್ರೂ ಅಗಿದು ತಿಂತಾನೇನ್ಲಾ, ತೆಳ್ಳುಗೆ ಸಾರು ಬುಟ್ಕೊಂಡು ನುಂಗು ಅಂದೆ. ಅವತ್ತಿಂದ ಮುದ್ದೆನೇ ಅವ್ನನ್ನ ಕಾಪಾಡ್ತು.

ಹೊಟ್ಟೆದೇನೋ ಸರಿಹೋಯ್ತು, ಆದ್ರೆ ಕಂಡಕ್ಟರ್ ಕೆಲ್ಸ ನಡೆಯೋದು ಬಾಯಲ್ಲಿ. ಊರೂರಿನ ಹೆಸ್ರು ಕೂಗ್ಬೇಕು, ವಿಶಲ್ ಊದ್ಬೇಕು. ವಿಶಲ್ಲನ್ನ ಮುಂದಿನ ಹಲ್ಲಲ್ಲಿ ಕಚ್ಕೊಂಡು ಎರಡು ಕೈಲೂ ಚಿಲ್ರೆ ಎಣಿಸೋದು ಅವ್ನ ಅಭ್ಯಾಸ. ಈಗ ಕಚ್ಚಂಗಿಲ್ಲ, ತುಟೀಲಿ ಊದುದ್ರೆ ಗಾಯ. ಚಿನಕುರಳಿ ಅಂತ ಕೂಗಕ್ಕೆ ಹೋದ್ರೆ ಬರೀ ಗಾಳಿ ಬರೋದು. ಬಸ್ಸಿನ ತಗಡು ತಟ್ಕೊಂಡು ನಿಂತ್ಕಳೋನು. ಕ್ಯಾಸೆಟ್ಟಿನ ಹಾಡಿನ ಗಲಾಟೇಲಿ ಅದು ಡ್ರೈವರ್‌ಗೆ ಕೇಳಿಸ್ತಾ ಇರ್ಲಿಲ್ಲ. ಇಳಿಯೋರನ್ನ ಮುಂದಿನ ಊರ ತಂಕ ಕರ್ಕೊಂಡು ಹೋಗ್ಬುಡೋದು, ಅವ್ರು ಇಳಿದು ಬೈಯೋರು.

ಡ್ರೈವರ್ ಚಿಕ್ಕಯ್ಯ ಅಂತ. ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡ್ದಿರೋ ಮನ್ಸ. ಮನಸ್ಸು ಒಳ್ಳೇದೇ, ನಾಲ್ಗೆ ಮಾತ್ರ ಖಾರ. ಕಣದಲ್ಲಿ ಎತ್ತಿಗೆ ಬಾಯಿಕುಕ್ಕೆ ಹಾಕ್ದಂಗೆ ಹಾಕುಸ್ಕೊಂಡು ಬಂದವ್ನೆ ನೋಡ್ರಪ್ಪ ಅಂತ ಬಸ್ಸಿಗೆಲ್ಲ ಕೇಳೋ ಹಂಗೆ ಅನ್ನೋನು. ಜನ ನಗೋರು. ದೇವರಾಜುನೂ ನಗೋನು, ಕೈ ಅಡ್ಡ ಇಟ್ಕೊಂಡು. ಮೊದ್ಲಿಗಿಂತ ಬಿಗಿಯಾಗಿ ಇಟ್ಕೊಳೋನು.

ದೇವರಾಜು ಅವ್ವ ಮಂಗಳಮ್ಮ ಒಂದಿನ ಕೆ.ಆರ್.ಪೇಟೇಲಿ ಬಸ್ ಹತ್ತಿ ಪಾಂಡವಪುರಕ್ಕೆ ಬಂದಿದ್ರು. ನಾನು ಅಲ್ಲಿ ಸೊಪ್ಪು ಮಾರ್ತಾ ಇದ್ದೆ, ನನ್ನತ್ರ ಕೂತ್ಕೊಂಡು ಕಣ್ಣೀರು ಹಾಕುದ್ರು. ಹೆಣ್ಣು ನೋಡೋ ಹೊತ್ನಲ್ಲಿ ಬಾಯಿಗೆ ಬೇಲಿ ಹಾಕುಸ್ಕೊಂಡವನೆ, ಯಾರು ಹೆಣ್ಣು ಕೊಟ್ಟಾರು ಅಂತ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬಸ್ಸಿನ ಓನರ್ ಹೊನ್ನಪ್ಪ ಹೇಳ್ಕಳಿಸಿದ್ರಂತೆ, ವಿಶಲ್ ಊದಕ್ಕಾಗ್ದೋನು, ಕೂಗಕ್ಕಾಗ್ದೋನು ನಂಗೆ ಬ್ಯಾಡ, ತಿಂಗ್ಳು ತುಂಬೋದ್ರೊಳ್ಗೆ ಸರಿ ಹೋಗ್ದಿದ್ರೆ ಬೇರೆಯೋನ್ನ ನೋಡ್ಕೊತೀನಿ ಅಂತ. ತಂತಿ ಇಟ್ಕೊಂಡ್ರೆ ಕೆಲ್ಸ ಇಲ್ಲ, ಕೆಲ್ಸ ಇಟ್ಕೊಂಡ್ರೆ ತಂತಿ ಇಲ್ಲ. ಹುಡ್ಗ ರಾತ್ರಿ ನಿದ್ದೆ ಮಾಡ್ತಿಲ್ಲ ಅಂದ್ರು.

ಅಷ್ಟ್ರಲ್ಲಿ ಆಲೆಮನೆ ಶುರುವಾಯ್ತು. ನಮ್ ಕಡೆ ರೂಢಿ ನಿಮಗೆ ಗೊತ್ತಲ್ಲ, ಆಲೆಮನೆ ಬಾಗ್ಲಿಗೆ ಹೋದೋರು ಬಾಯಿಗೆ ಏನೂ ಹಾಕ್ಕೊಳ್ದೆ ಬರಂಗಿಲ್ಲ. ಬ್ಯಾಡ ಅಂದ್ರೆ ಆಲೆಮನೆಯೋರಿಗೆ ಮರ್ಯಾದೆ ಕೊಡ್ಲಿಲ್ಲ ಅಂತ ಆಯ್ತದೆ. ಕಬ್ಬು ಜಲ್ಲೆ ಕೊಟ್ರೆ ಚಾಕು ಕೇಳೋನನ್ನ ಗಂಡ್ಸು ಅನ್ನಲ್ಲ, ಹಲ್ಲಲ್ಲೇ ಸಿಗೀಬೇಕು. ದೇವರಾಜು ಊರಿನ ಹುಡುಗ್ರ ಜೊತೆ ಹೋದ. ತಂತಿ ಹಾಕಿದ ಹಲ್ಲಲ್ಲೇ ಕಬ್ಬು ಸಿಗಿದ, ಮೇಲೆ ಒಂದು ಮುದ್ದೆ ಬಿಸಿ ಬೆಲ್ಲ ಬಾಯಿಗೆ ಹಾಕ್ಕೊಂಡ. ತಂತಿ ಹಿಡ್ಕೊಳಕ್ಕೆ ಹಲ್ಲಿಗೆ ಅಂಟಿಸಿದ್ದ ಸಣ್ಣ ಬಿಲ್ಲೆ ಕಿತ್ಕೊಂಡು ಬಂತು, ತಂತಿ ತುದಿ ಕೆನ್ನೆ ಒಳ್ಗೆ ಚುಚ್ಕೊಳ್ತು.

ಮಾರ್ನೇ ದಿನ ಭಾನುವಾರ. ನಾನು ಸೊಪ್ಪು ಮಾರಿ ಮಧ್ಯಾಹ್ನದ ಟ್ರಿಪ್ಪಿಗೆ ಊರಿಗೆ ವಾಪಸ್ ಹೋಗಕ್ಕೆ ಪಾಂಡವಪುರ ಬಸ್‌ಸ್ಟ್ಯಾಂಡಿಗೆ ಬಂದೆ. ನೋಡ್ತೀನಿ, ಬಸ್ಸಿನ ಮೆಟ್ಲ ಮೇಲೆ ದೇವರಾಜು ಬಾಯ್ ತೆಕ್ಕೊಂಡು ಕೂತವನೆ, ಕಣ್ಣಲ್ಲಿ ನೀರು. ಮುಂದ್ಗಡೆ ಚಿಕ್ಕಯ್ಯ ಗಾಡಿ ಸಾಮಾನಿನ ಡಬ್ಬದಿಂದ ಕಟಿಂಗ್ ಪ್ಲೇಯರ್ ತೆಕ್ಕೊಂಡು ಪಂಚೇಲಿ ಒರುಸ್ತಾವ್ನೆ.

"ಬ್ಯಾಟ್ರಿ ವೈರ್ ಎಳ್ದಂಗೆ ಎಳ್ದುಬುಡ್ತೀನಿ ಕಣ್ಲಾ, ಅಲ್ಲಾಡ್ಬ್ಯಾಡ" ಅಂದ ಚಿಕ್ಕಯ್ಯ.

ನಂಗೆ ಎಲ್ಲಿತ್ತೋ ಕೋಪ. ಆ ಪ್ಲೇಯರ್ ಕಿತ್ಕೊಂಡು ನನ್ನ ಮಂಕ್ರಿಗೆ ಹಾಕ್ಕೊಂಡು ಮೇಲೆ ಗೋಣಿತಾಟು ಮುಚ್ದೆ. ಡಾಕ್ಟ್ರು ಹಾಕಿರೋದನ್ನ ಡಾಕ್ಟ್ರು ತೆಗೀಲಿ, ಗಾಡಿ ರಿಪೇರಿ ಮಾಡೋ ಸಾಮಾನು ಬಾಯೊಳ್ಗೆ ಹಾಕಿದ್ರೆ ಕೈ ಮುರೀತೀನಿ ಅಂದೆ. ಚಿಕ್ಕಯ್ಯ ಗೊಣಗ್ಕೊಂಡು ಗಾಡಿ ಹತ್ತಿದ. ಕಿರಂಗೂರು ಬಂತು, ನಾನು ಇಳೀಲಿಲ್ಲ. ಹುಡ್ಗನ್ನ ಕರ್ಕೊಂಡು ಸೀದಾ ಶ್ರೀರಂಗಪಟ್ಟಣದ ಡಾಕ್ಟ್ರಮ್ಮನತ್ರ ಹೋದೆ. ಚಿಕ್ಕಯ್ಯನೂ ಹಿಂದೆನೇ ಬಂದ. ಹುಡ್ಗನ ಮೇಲಿನ ಪ್ರೀತಿಗಲ್ಲ, ಪ್ಲೇಯರ್ ಈಸ್ಕೊಳಕ್ಕೆ.

ಡಾಕ್ಟ್ರಮ್ಮ ಮೊದ್ಲು ಚುಚ್ತಾ ಇದ್ದ ತುದಿ ಕತ್ತರಿಸಿದ್ರು. ಹುಡ್ಗನಿಗೆ ಹೋದ ಜೀವ ಬಂದಂಗಾಯ್ತು. ಆಮೇಲೆ, ಉಜ್ಜೋ ಕಡೆ ಮೆತ್ತಕ್ಕೆ ಅಂತ ಮೇಣ ಕೊಟ್ಟಿದ್ನಲ್ಲ, ಎಲ್ಲಿ ಅಂದ್ರು. ಇವ್ನು ತಲೆ ತಗ್ಗಿಸ್ದ. ದೀಪದ ಮೇಣ ಬಾಯಿಗ್ಯಾಕೆ ಅಂತ ಅದನ್ನ ಮನೇಲಿ ಟ್ರಂಕಿನಲ್ಲಿ ಇಟ್ಟುಬುಟ್ಟಿದ್ನಂತೆ. ಕಿತ್ತೋಗಿದ್ದ ಬಿಲ್ಲೆ ಮತ್ತೆ ಅಂಟಿಸಿ, ಅವ್ರೇ ಒಂದು ಚೂರು ಮೇಣ ಬೆರಳಲ್ಲಿ ಉಂಡೆ ಮಾಡಿ ತಂತಿ ಮೇಲೆ ಮೆತ್ತಿ ತೋರ್ಸಿದ್ರು. ತುಟಿಗೆ ತಂತಿ ತಾಗೋದೇ ನಿಂತೋಯ್ತು.

ಅಷ್ಟಾದ್ರೂ ದೇವರಾಜು ಎದ್ದೇಳ್ಲಿಲ್ಲ. "ಮೇಡಂ, ಪೂರ್ತಿ ತೆಗ್ದುಬುಡಿ. ಕೆಲ್ಸ ಹೋದ್ಮೇಲೆ ಹಲ್ಲು ಕಟ್ಕೊಂಡು ಏನ್ ಮಾಡ್ಲಿ" ಅಂದ.

ಡಾಕ್ಟ್ರಮ್ಮ ಕೋಪ ಮಾಡ್ಕೊಳ್ಲಿಲ್ಲ. ಪಕ್ಕದಲ್ಲಿ ಸ್ಟೂಲ್ ಎಳ್ಕೊಂಡು ಕೂತ್ರು. "ತೆಗೀಬೋದಪ್ಪ, ಬಾಯಿ ನಿಂದು. ಆದ್ರೆ ಈಗ ನಿನ್ನ ಹಲ್ಲು ಜಾಗ ಬಿಟ್ಟು ಹೊರಟಿವೆ, ಹೊಸ ಜಾಗದಲ್ಲಿ ಇನ್ನೂ ಗಟ್ಟಿಯಾಗಿ ನಿಂತಿಲ್ಲ. ನಾಟಿ ಹಾಕಿದ ಪೈರನ್ನ ಬೇರು ಬಿಡೋ ಮುಂಚೆ ಕಿತ್ತರೆ ಏನಾಗುತ್ತೆ, ನಿಂಗೇ ಗೊತ್ತು. ಈ ನೋವು, ಈ ತೊದಲು ಜಾಸ್ತಿ ದಿನ ಇರಲ್ಲ. ನಾಲಿಗೆ ತುಟಿ ಅಭ್ಯಾಸ ಆಗ್ತವೆ. ವಿಶಲ್ಲನ್ನ ಹಲ್ಲಲ್ಲಿ ಕಚ್ಚಬೇಡ, ಗಾಯ ಮಾಗಿದ ಮೇಲೆ ಕೈಲಿ ಹಿಡಿದು ತುಟೀಲಿ ಊದು. ಅಲ್ಲೀತಂಕ ಏನಾದ್ರೂ ದಾರಿ ಮಾಡ್ಕೊ. ನೀನು ಇದನ್ನ ಹಾಕಿಸ್ಕೊಂಡಿದ್ದು ಯಾತಕ್ಕೆ, ಅದನ್ನ ಹೇಳು."

ಹುಡ್ಗ ಮೊದ್ಲು ಬಾಯಿ ಒರುಸ್ಕೊಂಡ. ಆಮೇಲೆ, "ಎಲ್ಲಾರಂಗೆ ಬಾಯ್ತುಂಬ ನಗ್ಬೇಕು ಅಂತ ಮೇಡಂ" ಅಂದ. ಅಷ್ಟು ಹೇಳುವಾಗ್ಲೂ ಕೈ ಬಾಯಿಗೆ ಅಡ್ಡ ಹೋಗಿತ್ತು. ನಂಗೆ ತಡ್ಕೊಳಕ್ಕೆ ಆಗ್ಲಿಲ್ಲ, ಸೆರಗು ಕಣ್ಣಿಗೆ ಒತ್ಕೊಂಡೆ. ಚಿಕ್ಕಯ್ಯ ಬಾಗ್ಲಲ್ಲಿ ನಿಂತಿದ್ದ. ಪ್ಲೇಯರ್ ಕೇಳ್ಲಿಲ್ಲ, ಸುಮ್ಕೆ ಹೋಗಿ ಗಾಡೀಲಿ ಕೂತ್ಕೊಂಡ.

ಮಾರ್ನೇ ಬೆಳಿಗ್ಗೆ ಬಸ್ ಹತ್ತಿದ್ರೆ ನನ್ ತಲೆ ಮೇಲೆ ಒಂದು ನೂಲಿನ ಹಗ್ಗ. ಹಿಂದ್ಲ ಬಾಗ್ಲಿಂದ ಕಂಬಿ ಗುಂಟ ಮುಂದಕ್ಕೆ ಹೋಗಿತ್ತು. ತುದೀಲಿ, ಡ್ರೈವರ್ ಕಿವಿ ಪಕ್ಕ, ಎತ್ತಿನ ಕೊರಳ ಗಂಟೆ. ಚಿಕ್ಕಯ್ಯ ತನ್ನ ಮನೆ ಎತ್ತಿನ ಕೊರಳಿಂದ ಬಿಚ್ಕೊಂಡು ಬಂದು ಕಟ್ಟಿದ್ದ. ಒಂದು ಸಲ ಎಳುದ್ರೆ ನಿಲ್ಸು, ಎರಡು ಸಲ ಎಳುದ್ರೆ ಹೊರಡು. ಊರಿನ ಹೆಸ್ರು ಕೂಗೋ ಕೆಲ್ಸ ನಾನು ವಹಿಸ್ಕೊಂಡೆ. ಸೊಪ್ಪು ಕೂಗಿ ಮಾರೋಳಿಗೆ ಊರು ಕೂಗೋದೇನು ಕಷ್ಟ. ನಾನು ಇಳಿದ ಮೇಲೆ ಪಾಂಡವಪುರದಿಂದ ಆಚೆಗೆ ಚಿಕ್ಕಯ್ಯನೇ ಕೂಗ್ತಿದ್ದ. ಓನರ್ ಹೊನ್ನಪ್ಪನ ಹತ್ರನೂ ಅವನೇ ಹೋಗಿ, ಗಾಡಿ ನಿಲ್ಸೋನು ನಾನು, ನಂಗೆ ಕೇಳಿಸ್ತದೆ, ಹುಡ್ಗನ್ನ ತೆಗೀಬ್ಯಾಡಿ ಅಂದ್ನಂತೆ. ಅವ್ರೂ ಒಂದಿನ ಬಸ್ಸಲ್ಲಿ ಬಂದು ಗಂಟೆ ಕೇಳಿ ಒಪ್ಕೊಂಡ್ರು.

ಆಮೇಲೆ ಎಲ್ಲಾ ಸುಲಭ ಆಯ್ತು ಅಂತ ನಾನು ಸುಳ್ಳು ಹೇಳಲ್ಲ. ಡಾಕ್ಟ್ರಮ್ಮ ಕರೆದಾಗೆಲ್ಲ ಹೋಗಿ ತಂತಿ ಬಿಗಿ ಮಾಡಿಸ್ಕೊಂಡು ಬರೋನು, ಎರಡು ಮೂರು ದಿನ ಮತ್ತೆ ಹಲ್ಲು ಜುಂ ಅನ್ನೋವು. ಕಬ್ಬು, ಕೊಬ್ರಿ, ನಿಪ್ಪಟ್ಟು, ಬೆಲ್ಲದ ಉಂಡೆ ಯಾವ್ದೂ ಮುಟ್ಲಿಲ್ಲ. ಉಂಡಾಗೆಲ್ಲ ಬಸ್‌ಸ್ಟ್ಯಾಂಡಿನ ನಲ್ಲೀಲಿ ನಿಂತು ಬ್ರಷ್ ಮಾಡೋನು, ಜನ ನೋಡಿ ನಗೋರು. ಆಲೆಮನೆಯೋರಿಗೆ ಮಂಗಳಮ್ಮನೇ ಹೋಗಿ ಹೇಳ್ಬುಟ್ರು, ನನ್ ಮಗನಿಗೆ ಕಬ್ಬು ಬ್ಯಾಡ, ಒಂದು ಲೋಟ ಕಬ್ಬಿನ ಹಾಲು ಕೊಡಿ, ಮರ್ಯಾದೆ ಅದ್ರಲ್ಲೇ ಆಯ್ತದೆ ಅಂತ. ತಿಂಗ್ಳು ಕಳೀತಿದ್ದಂಗೆ ಮಾತು ಸರಿಯಾಯ್ತು, ವಿಶಲ್ಲೂ ಬಂತು. ಗಂಟೆ ಮಾತ್ರ ಯಾರೂ ಬಿಚ್ಲಿಲ್ಲ.

ಒಂದೂವರೆ ವರ್ಷದ ಮೇಲೆ ತಂತಿ ತೆಗೆದ್ರು. ಹಲ್ಲು ಮತ್ತೆ ಹಳೇ ಜಾಗಕ್ಕೆ ಹೋಗ್ದಂಗೆ ಹಾಕ್ಕೊಳಕ್ಕೆ ಒಂದು ಪ್ಲೇಟು ಕೊಟ್ರು, ಅದನ್ನೂ ಡಾಕ್ಟ್ರಮ್ಮ ಹೇಳಿದಂಗೇ ಹಾಕ್ಕೊಂಡ. ಅವತ್ತು ಬಸ್ಸಲ್ಲಿ ಚಿಕ್ಕಯ್ಯ ಕನ್ನಡೀಲಿ ಹಿಂದಕ್ಕೆ ನೋಡ್ಕೊಂಡು, "ಲೇ, ಒಂದ್ಸಲ ನಗ್ಲಾ, ನೋಡವ" ಅಂದ. ದೇವರಾಜು ನಕ್ಕ. ಒಂದು ಕೈ ಮೇಲಿನ ಕಂಬಿ ಮೇಲೆ, ಇನ್ನೊಂದು ಕೈ ಚಿಲ್ರೆ ಚೀಲದ ಮೇಲೆ. ಎರಡೂ ಅಲ್ಲೇ ಇದ್ವು.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮನೇಲೂ ಕೈ ಅಡ್ಡ ಇಟ್ಕೊಂಡು ನಗೋರು ಯಾರಾದ್ರೂ ಇದ್ದಾರಾ, ಇವತ್ತು ಒಂದ್ಸಲ ಗಮನಿಸಿ. ವಯಸ್ಸಾಗೋಯ್ತು ಅನ್ಬ್ಯಾಡಿ, ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ತೋರ್ಸಿ. ತಂತಿ ಹಾಕುಸ್ಕೊಂಡೋರು ಮನೇಲಿದ್ರೆ ಮೆತ್ತನೆ ಅಡುಗೆ ಮಾಡಿಕೊಡಿ, ಆಡ್ಕೊಂಡು ನಗಬ್ಯಾಡಿ. ಚುಚ್ಚಿದ್ರೆ ಮೇಣ ಮೆತ್ತಿ, ಕಿತ್ಕೊಂಡ್ರೆ ಡಾಕ್ಟ್ರ ಹತ್ರ ಓಡಿ. ಮನೇಲಿರೋ ಯಾವ ಸಾಮಾನನ್ನೂ ಬಾಯಿಗೆ ಹಾಕ್ಬ್ಯಾಡಿ. ಚಿಕ್ಕಯ್ಯನ ಪ್ಲೇಯರ್ ಇವತ್ತಿಗೂ ನಮ್ಮನೆ ಗೂಡಲ್ಲಿ ಐತೆ. ಅವ್ನು ಇನ್ನೂ ಕೇಳ್ತಾನೇ ಅವ್ನೆ, ನಾನು ಕೊಟ್ಟಿಲ್ಲ.