ಶಾಲೆ ಬಿಡುವ ಹೊತ್ತು

ಭಾಲ್ಕಿಯ ಮಂಜಿರಿ ಟೀಚರಿಗೆ ಆ ವರ್ಷ ಹೊಸ ಕೆಲಸವೊಂದು ಬಿದ್ದಿತ್ತು. ಜಿಲ್ಲೆಯ ಶಾಲೆಗಳಿಗೆ ಮುಂದೆ ಏನೇನು ಬೇಕೆಂದು ಊರವರನ್ನೇ ಕೇಳಿ ಬರೆದುಕೊಂಡು ಬರಬೇಕು. ಅವಳ ಪಾಲಿಗೆ ಬಂದದ್ದು ಔರಾದ ತಾಲೂಕಿನಲ್ಲಿ, ಸಂತಪುರದಾಚೆಯ ಒಂದು ಪುಟ್ಟ ಹಳ್ಳಿ.

ಸಭೆಗೆ ಒಂಬತ್ತು ಜನ ಬಂದರು, ಎಲ್ಲರೂ ಗಂಡಸರು. ಶಾಲಾ ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನ ಫಾರಂ ಮೇಲೆ ಕಣ್ಣಾಡಿಸಿ, "ಎರಡು ಕೋಣಿ, ಒಂದು ಕಾಂಪೌಂಡ್ ಅಂತ ಬರಕೋರಿ. ಮುಗೀತು," ಎಂದ.

"ಹೆಣ್ಮಕ್ಕಳು ಯಾರೂ ಬಂದಿಲ್ಲಲ್ರಿ?"

"ತೊಗರಿ ಕೊಯ್ಲಿಗಿ ಹೋಗ್ಯಾರ್ರಿ."

ಬಸ್ಸಿಗೆಂದು ಹೊರಟ ಮಂಜಿರಿ ಅರ್ಧ ದಾರಿಯಲ್ಲಿ ನಿಂತು, ಹೊಲದ ಕಡೆ ತಿರುಗಿದಳು. ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ ಮುನವ್ವರ ಬೇಗಂ ಮೊದಲು ಅವಳಿಗೊಂದು ರೊಟ್ಟಿ ಕೊಟ್ಟಳು, ಆಮೇಲೆ ಮಾತಾಡಿದಳು.

"ಕೋಣಿ ಕಟ್ಟಿದ್ರ ನಮ್ಮ ಮಗಳು ಶೈಸ್ತಾಗ ಏನ್ ಬಂತ್ರಿ? ಏಳನೇ ಕ್ಲಾಸ್ ಪಾಸಾಗಿ ಮನ್ಯಾಗ ಕುಂತಾಳ. ದೊಡ್ಡೂರಿನ ಹೈಸ್ಕೂಲ್ ಬಿಡೋದು ನಾಕೂವರಿಗಿ, ಬಸ್ ಹೋಗೋದು ನಾಕಕ್ಕ. ಮುಂದಿಂದು ಏಳಕ್ಕ. ಕತ್ತಲ್ದಾಗ ಹುಡುಗಿಗಿ ಹ್ಯಾಂಗ ನಿಂದ್ರಸಬೇಕ್ರಿ?"

ಹಾಗೆ ಮನೆಯಲ್ಲಿ ಕೂತವರು ಹನ್ನೊಂದು ಹುಡುಗಿಯರು. ಕುಡುಗೋಲು ಕೆಳಗಿಟ್ಟು ಒಬ್ಬೊಬ್ಬ ತಾಯಿಯೂ ತನ್ನ ಮಗಳ ಹೆಸರು ಹೇಳಿದಳು. ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಂಜಿರಿ ಹಾಳೆಯ ಹಿಂದೆ ಬರೆದುಕೊಂಡಳು.

ಬೀದರಿನ ಸಭೆಯಲ್ಲಿ ಅಧಿಕಾರಿ ಗೌಸೋದ್ದೀನರು ಹಾಳೆ ತಿರುವಿ ನೋಡಿದರು. "ಬಸ್ಸು ನಮ್ಮ ಕೈಯಾಗ ಇಲ್ಲಲ್ರಿ ಟೀಚರ್."

"ಸಾಲಿ ಗಂಟಿ ನಮ್ಮ ಕೈಯಾಗ ಅದಲ್ರಿ ಸರ್." ಮಂಜಿರಿ ಹಾಳೆಯ ಹಿಂದಿನ ಹೆಸರುಗಳನ್ನು ತೋರಿಸಿದಳು. "ಮುಂಜಾನಿ ಬಸ್ಸು ಹ್ಯಾಂಗೂ ಒಂಬತ್ತಕ್ಕ ದೊಡ್ಡೂರಿಗಿ ಬರ್ತದ. ಮುಕ್ಕಾಲು ತಾಸು ಮೊದಲೇ ಸುರು ಮಾಡಿ, ಲಗೂ ಬಿಟ್ರ ಹುಡುಗ್ಯಾರಿಗಿ ನಾಕರ ಬಸ್ ಸಿಗ್ತದ್ರಿ."

ಅವರು ನಕ್ಕರು, ಆದರೆ ಬರೆದುಕೊಂಡರು. ಹೈಸ್ಕೂಲಿನ ಮಾಸ್ತರರು ಒಂದಿಷ್ಟು ಗೊಣಗಿ ಒಪ್ಪಿದರು.

ಜೂನಿನಲ್ಲಿ ಮಂಜಿರಿ ಆ ಹೈಸ್ಕೂಲಿಗೆ ಹೋದಾಗ ಎಂಟನೇ ತರಗತಿಯಲ್ಲಿ ಆ ಹಳ್ಳಿಯ ಎಂಟು ಹುಡುಗಿಯರಿದ್ದರು. ಉಳಿದವರೆಲ್ಲಿ ಎಂದು ಶೈಸ್ತಾಳನ್ನು ಕೇಳಿದಳು.

"ಇಬ್ಬರ ಮನಿಯವರು ಊರೇ ಬಿಟ್ಟು ಹೋಗ್ಯಾರ್ರಿ. ಇನ್ನೊಬ್ಬಾಕಿ ಗುಡಿಯಾ, ಆಕಿಗಿ ಅವರಪ್ಪ ಬ್ಯಾಡ ಅಂದಾರ."

ಸಂಜೆ ಶೈಸ್ತಾಳೇ ಮನೆ ತೋರಿಸಿದಳು. ಗುಡಿಯಾಳ ತಂದೆ ದಸ್ತಗೀರ ಹೊಲಿಗೆ ಯಂತ್ರ ನಿಲ್ಲಿಸದೆ, ಮಗಳು ನಾಲ್ಕರ ಬಸ್ಸಿಗೇ ಮನೆಗೆ ಬರುತ್ತಾಳೆಂದು ಮಂಜಿರಿ ಹೇಳಿದ್ದನ್ನು ಕೇಳಿಸಿಕೊಂಡ. ಬಾಗಿಲ ಹಿಂದೆ ಗುಡಿಯಾಳ ನೆರಳು ಅಲುಗಾಡಲಿಲ್ಲ.

"ಒಂದು ತಿಂಗಳು ಕಳಸಿ ನೋಡ್ತೇನಿ," ಎಂದ ಕೊನೆಗೆ. "ಅಷ್ಟೇ ರೀ."

ಸೋಮವಾರ ಗುಡಿಯಾ ಶಾಲೆಗೆ ಬಂದಳು. ತಿಂಗಳು ಕಳೆದ ಮೇಲೂ ಬರುತ್ತಲೇ ಇದ್ದಳು; ಗಡುವಿನ ಮಾತನ್ನು ದಸ್ತಗೀರ ಮತ್ತೆ ಎತ್ತಲಿಲ್ಲ.